ಹನ್ನೊಂದನೇ ಕಲಮು

ಅಕ್ಕಿ ಮುಗಿಯಿತು ಅನ್ನುವುದಿಲ್ಲ ನಮ್ಮಲ್ಲಿ,
ಹೆಚ್ಚಿತು ಅನ್ನುತ್ತೇವೆ.
ಬಳೆ ಒಡೆಯುವುದಿಲ್ಲ, ಅದೂ ಹೆಚ್ಚುತ್ತದೆ.
ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ.
ಅಂಥ ಮನೆಗಳ ಜಗಲಿ ಹತ್ತಿ
ಬ್ಯಾಗಿನ ಜಿಪ್ ಎಳೆದು
'ನೀವು ಸತ್ತರೆ' ಎಂದು ಶುರುಮಾಡಬೇಕಾದ ಕೆಲಸ ನನ್ನದು.

ಇಪ್ಪತ್ಮೂರು ವರ್ಷ.
ಮಾಜಾಳಿಯಿಂದ ಹಾರವಾಡದವರೆಗೆ
ಯಾವ ನಾಯಿ ಕಚ್ಚುತ್ತದೆ, ಯಾರ ಚಹಕ್ಕೆ ಸಕ್ಕರೆ ಜಾಸ್ತಿ
ನನ್ನ ಸ್ಕೂಟಿಗೂ ಗೊತ್ತು.
'ಸತ್ತರೆ' ಅನ್ನಲು ಮಾತ್ರ ನಾಲಿಗೆ ಇನ್ನೂ ಕಲಿತಿಲ್ಲ.
'ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ' ಅನ್ನುತ್ತೇನೆ.
ಅಷ್ಟಕ್ಕೇ ಹೆಂಗಸರು ಹಾಲು ಉಕ್ಕಿತೆಂದು ಒಳಗೆ ಓಡುತ್ತಾರೆ,
ಒಲೆಯ ಮೇಲೆ ಹಾಲೇ ಇರುವುದಿಲ್ಲ.
ಗಂಡಸರು ನಗುತ್ತಾರೆ. ಜೋರಾಗಿ.
ಹಲ್ಲಿ ಲೊಚಗುಟ್ಟಿತೋ,
ಫಾರ್ಮು ಮುಂದಿನ ವಾರಕ್ಕೆ.

ಸಹಿ ಹಾಕಿದವರ ಕತೆ ಬೇರೆ.
ಉಲ್ಲಾಸ ತಾಂಡೇಲ ಅದೇ ಸಂಜೆ
ಮೂರು ವರ್ಷದಿಂದ ಅಲುಗುತ್ತಿದ್ದ ಮೆಟ್ಟಿಲಿಗೆ ಸಿಮೆಂಟು ಮೆತ್ತಿದ.
ಕೋಡಿಬಾಗದ ಸುಮಿತ್ರಾ ಬಾಂದೇಕರ
ಇಡೀ ಇಸ್ವಾಣ ಕೊಂಡು, ತಲೆಯ ತುಂಡು
ಯಾರ ಬಟ್ಟಲಿಗೂ ಹಾಕದೆ ತಾನೇ ತಿಂದಳಂತೆ,
ಮದುವೆಯಾದ ಮೇಲೆ ಮೊದಲ ಸಲ.
ಜುಜೆ ಮೇಸ್ತ್ರಿ ಮಾತ್ರ,
ಎರಡು ವರ್ಷದಿಂದ ತನ್ನ ಶೆಡ್ಡಿನಲ್ಲಿ ಮಲಗುತ್ತಿದ್ದ ಒಡಿಶಾದ ಹುಡುಗನನ್ನು
ಮರುದಿನವೇ ಹೊರಗೆ ಹಾಕಿದ.
ಯಾಕೆ ಅಂದೆ.
'ನಮ್ಮದು ಅಂತ ಒಂದು ಇರಬೇಕಲ್ಲ, ಅಕ್ಕೋರೇ.'
ಸಿಟ್ಟಿರಲಿಲ್ಲ ಮುಖದಲ್ಲಿ. ನಿದ್ದೆಗಣ್ಣಿನಲ್ಲಿ
ಚಾದರ ತನ್ನ ಕಡೆಗೆ ಎಳೆದುಕೊಳ್ಳುವವನ ಹಾಗಿದ್ದ.
ಹುಡುಗ ಬೈತಖೋಲದ ದಕ್ಕೆಯ ಮೇಲೆ ಮಲಗಿದ್ದ, ಹಳೆ ಬಲೆ ಹೊದ್ದು.
ಕಮಿಷನ್ನು ನನ್ನ ಖಾತೆಗೆ ಬಂತು.

ಹನ್ನೊಂದನೇ ಕಲಮು:
'ತಂದೆ. ಇದ್ದರೆ ವಯಸ್ಸು.
ಇಲ್ಲದಿದ್ದರೆ ತೀರಿಕೊಂಡಾಗಿನ ವಯಸ್ಸು, ಕಾರಣ.'
ಇಲ್ಲಿ ಎಲ್ಲರ ಪೆನ್ನೂ ನಿಲ್ಲುತ್ತದೆ.
ಮಾಡು ನೋಡಿ ಲೆಕ್ಕ ಹಾಕುತ್ತಾರೆ,
ಅಪ್ಪನದಲ್ಲ, ತಮ್ಮದು:
ಇನ್ನು ಆರು. ಇನ್ನು ಹದಿನಾಲ್ಕು.
ಬೆರಳು ಮಡಚುವುದು ಕಾಣದವಳಂತೆ
ನಾನು ನಾಯಿಯನ್ನು ಮಾತಾಡಿಸುತ್ತೇನೆ.

ನನ್ನ ಅಪ್ಪ: ಐವತ್ತೆರಡು. ಕಾರಣ: ಎದೆ.
ಬಂದರಿನ ತೂಕದ ಕಟ್ಟೆಯಲ್ಲಿ ಗುಮಾಸ್ತ,
ಕಿವಿಯ ಮೇಲೆ ಪೆನ್ಸಿಲ್ಲು, ಕಿಸೆಯಲ್ಲಿ ಪೆಪ್ಪರಮಿಂಟು.
ಐವತ್ತೆರಡು ವರ್ಷ, ನಾಲ್ಕು ತಿಂಗಳು, ಒಂಬತ್ತು ದಿನ.
ಕ್ಯಾಲೆಂಡರಿನ ಬೆನ್ನ ಮೇಲೆ ಕೂಡಿ ಕಳೆದು
ನನ್ನ ಆ ದಿನ ಯಾವುದೆಂದು ಹುಡುಕಿಟ್ಟಿದ್ದೆ.
ನಲವತ್ತು ದಾಟಿದ ಮೇಲೆ ಏನು ಮಾಡಿದರೂ
ಅದರ ಈಚೆ ಬದಿಗೇ ಮಾಡಿದೆ:
ಹಲ್ಲು ಕಟ್ಟಿಸಲಿಲ್ಲ, ಐದು ವರ್ಷದ ಠೇವಣಿ ಇಡಲಿಲ್ಲ,
ಸಪೋಟ ಸಸಿ ತರದೆ ಬಸಳೆ ಹಬ್ಬಿಸಿದೆ,
ಬೇಗ ಕೈಗೆ ಬರುವಂಥದ್ದು.
ಸಣ್ಣದಕ್ಕೂ ಮಗಳಿಗೆ ಬೈದೆ.
ಅದು ಅವಸರ ಅಂತ
ಅವಳಿಗೆ ಹೇಗೆ ಗೊತ್ತಾಗಬೇಕು.

ಆ ದಿನ ಬಂತು. ಮಂಗಳವಾರ. ವಿಪರೀತ ಸೆಕೆ.
ಮಾರನೇ ದಿನವೂ ಬಂತು,
ಹಾಲಿನವನ ಸೈಕಲ್ಲಿನ ಹಾಗೆ, ಬೆಲ್ಲು ಬಾರಿಸಿಕೊಂಡು.
ಕಾಳಿ ಕಡಲು ಸೇರುವಲ್ಲಿ ಸ್ಕೂಟಿ ನಿಲ್ಲಿಸಿ ಕೂತೆ.
ಇಳಿತದ ಹೊತ್ತು. ಸೊಂಟದ ನೀರಲ್ಲಿ
ಹೆಂಗಸರು ಕಾಲಲ್ಲೇ ಬಳಚು ತಡಕುತ್ತಿದ್ದರು.
ಅಪ್ಪನಿಗಿಂತ ನಾನೀಗ ಒಂದು ದಿನ ದೊಡ್ಡವಳು.
ಮುಂದಿನ ತಿರುವಿನಲ್ಲಿ ಏನಿದೆ
ಕೇಳೋಣವೆಂದರೆ ಅವನೂ ಇಲ್ಲಿಗೆ ಬಂದವನಲ್ಲ.
ಹೆದರಿಕೆ ಹೋಯಿತು ಎಂದು ಬರೆದರೆ
ಸುಳ್ಳು ಮಾಹಿತಿ ಕೊಟ್ಟಂತೆ.
ಒಂದೇ ತಾರೀಖಿನಲ್ಲಿ ಕೂತಿದ್ದದ್ದು ಎದ್ದು
ಎಲ್ಲ ತಾರೀಖುಗಳಲ್ಲೂ ಚೂರುಚೂರು ಕರಗಿತು,
ಸಾರಿಗೆ ಬಿದ್ದ ಉಪ್ಪಿನ ಹಾಗೆ.

ಸಂಜೆ ತಾಂಡೇಲನ ಮನೆಗೆ ಕಂತು ಕೇಳಲು ಹೋದೆ.
ಮೆಟ್ಟಿಲು ಗಟ್ಟಿ ಇತ್ತು,
ಸಿಮೆಂಟಿನಲ್ಲಿ ಕೋಳಿಯ ಹೆಜ್ಜೆ ಹಾಗೇ ಕೂತಿತ್ತು.
ಅವನು ಡಬ್ಬಿ ಹಿಡಿದು ದೋಣಿಗೆ ಹೊರಟಿದ್ದ.
'ದುಡ್ಡು ಹೆಚ್ಚಿದೆ ಅಕ್ಕೋರೇ, ಮುಂದಿನ ವಾರ' ಅಂದ.
ಇಬ್ಬರಿಗೂ ನಗು ಬಂತು.
'ಬರ್ತೆ' ಅಂದ, ಹೋಗುವಾಗ.
ನಾನೂ ಅದನ್ನೇ ಅಂದೆ.
ದಾರಿಯಲ್ಲಿ ಸಪೋಟ ಸಸಿ ಕೇಳೋಣವೆಂದು ಇಳಿದೆ.
ನರ್ಸರಿ ಬಾಗಿಲು ಹಾಕಿತ್ತು.